ಕೊನೆಯ ಗುಂಡಿ

“ಸರಿ ಉತ್ತರ ಒತ್ತು ಅಂತ ನಿಂಗ್ಯಾರೇ ಹೇಳಿದ್ದು, ದರಿದ್ರದವಳೇ?”

ವಿಭಾಗದ ಮುಖ್ಯಸ್ಥ ಬೈದದ್ದು ಮೂರನೆಯ ಸಾಲಿನಲ್ಲಿ ಕೂತಿದ್ದ ಕಸಗುಡಿಸುವ ಮುದುಕಿಗೆ. ಅವಳ ಕೈಯಲ್ಲಿ ನಾಲ್ಕು ಗುಂಡಿಗಳ ಪುಟ್ಟ ರಿಮೋಟು. ಎದುರಿನ ದೊಡ್ಡ ಪರದೆಯ ಮೇಲೆ ಹದಿನಾರು ಕಂಬಗಳು ನಿಂತಿದ್ದವು, ತಲೆಗೊಂದರಂತೆ. ಹದಿನೈದು ಕೆಂಪು, ಒಂದು ಹಸಿರು. ಹಸಿರು ಮುದುಕಿಯದು.

ಗೊತ್ತಿತ್ತು ಸ್ವಾಮಿ, ಅದಕ್ಕೇ ಒತ್ತಿದೆ ಎಂದಳು ಮುದುಕಿ.

“ಗೊತ್ತಿರೋದನ್ನ ಹೋಗಿ ನಿನ್ನ ಪೊರಕೆಗೆ ಹೇಳ್ಕೋ. ಇಲ್ಲಿ ನಿಂಗೇನೂ ಗೊತ್ತಿಲ್ಲ. ಪಾಠಕ್ಕೆ ಮುಂಚೆ ಎಲ್ಲರೂ ಕೊನೇ ಗುಂಡಿ. ಪಾಠ ಆದ್ಮೇಲೆ ಟೀಚರು ಯಾವ ಉತ್ತರದ ಮುಂದೆ ನಿಲ್ತಾರೋ ಆ ಗುಂಡಿ. ನಾಯಿಗೆ ಹೇಳಿದ್ರೂ ಇಷ್ಟು ಹೊತ್ತಿಗೆ ಕಲೀತಿತ್ತು.”

ಕೊನೆಯ ಗುಂಡಿ ಯಾವಾಗಲೂ ತಪ್ಪು ಉತ್ತರದ್ದು. ಅದು ಮುಖ್ಯಸ್ಥ ಮಾಡಿದ ಏರ್ಪಾಡು. ಆ ಸಂಸ್ಥೆಯಲ್ಲಿ, ಈಗಾಗಲೇ ಪಾಠ ಹೇಳುತ್ತಿರುವ ಮೇಷ್ಟ್ರುಗಳಿಗೆ ಆನ್‌ಲೈನಿನಲ್ಲಿ ಕಲಿಸುವುದು ಹೇಗೆ, ತರಗತಿಯಲ್ಲಿ ಯಂತ್ರ ಬಳಸುವುದು ಹೇಗೆ ಎಂದು ಹೇಳಿಕೊಡುವ ಎರಡು ವರ್ಷದ ಸ್ನಾತಕೋತ್ತರ ಪದವಿ ಇತ್ತು. ಪದವಿ ಬೇಕಾದರೆ ಪ್ರತಿಯೊಬ್ಬರೂ ಒಂದು ಪಾಠ ಮಾಡಿ ತೋರಿಸಬೇಕು. ಪಾಠಕ್ಕೆ ಮುಂಚೆ ಕಂಬಗಳು ಕೆಂಪಗಿರಬೇಕು, ಆಮೇಲೆ ಹಸಿರಾಗಬೇಕು. ಏನೂ ಬಾರದ ವಯಸ್ಕರನ್ನು ಹುಡುಕಿಕೊಂಡು ಊರೆಲ್ಲ ಅಲೆಯುವವರು ಯಾರು? ಕಟ್ಟಡದಲ್ಲೇ ನೆಲ ಒರೆಸುವ ಹದಿನಾರು ಹೆಂಗಸರಿದ್ದರು. ಕಾಗದದಲ್ಲಿ ಅವರು ‘ನಿಧಾನ ಕಲಿಕೆಯವರು’. ಮೂರು ವರ್ಷದಲ್ಲಿ ಅವರು ಅದೆಷ್ಟು ಸಲ ಬೆಳಿಗ್ಗೆ ದಡ್ಡರಾಗಿ ಮಧ್ಯಾಹ್ನಕ್ಕೆ ಜಾಣರಾಗಿದ್ದರೋ ಲೆಕ್ಕವಿಲ್ಲ.

ಮುದುಕಿಗೆ ಶಿಕ್ಷೆಯಾಯಿತು. ಒಂದು ವಾರ ಮೂರೂ ಮಹಡಿಯ ಕಕ್ಕಸು ಅವಳೊಬ್ಬಳೇ ತೊಳೆಯಬೇಕು.

ಪಕ್ಕದಲ್ಲಿ ಕೂತ ಅತ್ತಿಗೆ ತಲೆ ಎತ್ತಲಿಲ್ಲ. ಮುದುಕಿಗೆ ಸರಿ ಉತ್ತರ ಕಲಿಸಿದ್ದು ಅವಳೇ. ಹನ್ನೆರಡನೇ ತರಗತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿ, ಮದುವೆಯಾಗಿ, ಪೊರಕೆ ಹಿಡಿದವಳು. ಅವಳನ್ನು ಅತ್ತಿಗೆ ಎಂದು ಕರೆಯಬೇಕಾದವಳು ಒಬ್ಬಳೇ, ಗಂಡನ ತಂಗಿ. ಆ ನಾದಿನಿ ಈಗ ಪರದೆಯ ಪಕ್ಕದಲ್ಲೇ ಕತ್ತಿಗೆ ನೀಲಿ ಪಟ್ಟಿಯ ಕಾರ್ಡು ಹಾಕಿಕೊಂಡು ನಿಂತಿದ್ದಳು. ಇವತ್ತಿನ ತಾಲೀಮು ಅವಳ ಪಾಠದ್ದು. ಅವಳೂ ತಲೆ ಎತ್ತಲಿಲ್ಲ.

ಸೀಟು ಸಿಕ್ಕ ದಿನ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಾದಿನಿ ಹೇಳಿದ್ದಳು: “ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ಅಲ್ಲಿ ನನ್ನ ಮಾತಾಡಿಸ್ಬೇಡಿ. ಒಂದ್ಸಲ ಪದವಿ ಕೈಗೆ ಬರ್ಲಿ, ಆಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ.”

ಅಂದಿನಿಂದ ಇಬ್ಬರೂ ಒಂದೇ ಮನೆಯಿಂದ ಹೊರಟು ಬೇರೆ ಬೇರೆ ಬಸ್ಸು ಹಿಡಿಯುತ್ತಿದ್ದರು. ನಾದಿನಿ ನಡೆದುಹೋದ ಕಾರಿಡಾರನ್ನು ಅತ್ತಿಗೆ ಒರೆಸುತ್ತಿದ್ದಳು. ಮನೆಯ ಮುಂದಿನ ಕೋಣೆ ನಾದಿನಿಯ ಓದಿಗೆ ಮೀಸಲಾಗಿ, ಅತ್ತಿಗೆಯ ಹಾಸಿಗೆ ಅಡುಗೆಮನೆಗೆ ಬಂದಿತ್ತು. ಒಂದು ಭಾನುವಾರ ನಾದಿನಿ ಸ್ನಾನಕ್ಕೆ ಹೋದಾಗ ಮೊಳೆಗೆ ನೇತುಹಾಕಿದ್ದ ಕಾರ್ಡನ್ನು ಅತ್ತಿಗೆ ಕತ್ತಿಗೆ ಹಾಕಿಕೊಂಡು ಕನ್ನಡಿ ನೋಡಿದಳು. ಚೆನ್ನಾಗಿಯೇ ಒಪ್ಪುತ್ತಿತ್ತು, ಅದೇ ಕಷ್ಟವಾದದ್ದು. ಒಳಗೆ ನೀರಿನ ಸದ್ದು ನಿಂತಿತು. ಕಾರ್ಡಿನ ಮೇಲೆ ತನ್ನ ಬೆರಳಿನ ಗುರುತು ಉಳಿಯದ ಹಾಗೆ ಸೆರಗಿನಿಂದ ಒರೆಸಿ ಮೊಳೆಗೆ ಸಿಕ್ಕಿಸಿದಳು.

ಅದೇ ವಾರ ನಾದಿನಿ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಿದ್ದಳು. ನಾಲ್ಕನೇ ಒಂದು ದೊಡ್ಡದು, ಎಂಟನೇ ಒಂದು ಚಿಕ್ಕದು ಅಂತ ಯಾರಿಗೂ ತಲೆಗೆ ಹೋಗಲ್ಲ, ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾ ಅಂತಾರೆ, ಹೇಗೆ ಹೇಳೋದು ಎಂದು ಗೋಳಾಡಿದಳು. ಅತ್ತಿಗೆ ಒಲೆಯ ಕಡೆಯಿಂದ ತಿರುಗದೆಯೇ ಕೇಳಿದಳು: “ಒಂದೇ ಬಾಟ್ಲಿ ಫಿನಾಯಿಲು. ನಾಲ್ಕು ಬಕೆಟ್ಟಿಗೆ ಹಂಚಿದ್ರೆ ವಾಸನೆ ಜಾಸ್ತಿನೋ, ಎಂಟಕ್ಕೆ ಹಂಚಿದ್ರೆ ಜಾಸ್ತಿನೋ?”

ನಾದಿನಿಯ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಆಮೇಲೆ ಸರಸರ ಓಡಿತು.

ಅದೇ ಪ್ರಶ್ನೆಯನ್ನು ಅತ್ತಿಗೆ ಒರೆಸುಬಟ್ಟೆ ಹಿಂಡುವ ಕೋಣೆಯಲ್ಲಿ ಎಂದೋ ಕೇಳಿ ಮುಗಿಸಿದ್ದಳು. ಊಟದ ಬಿಡುವಿನಲ್ಲಿ ಬಕೆಟ್ಟಿನ ಒಳಮೈಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಾಠ ಹೇಳುತ್ತಿದ್ದಳು. ಹೆಂಗಸರು ಬಾಯ್ತುಂಬ ನಗುತ್ತಾ ಅವಳನ್ನು ‘ಬಕೆಟ್ ಮೇಡಮ್ಮು’ ಎನ್ನುತ್ತಿದ್ದರು, ಕಲಿಯುತ್ತಲೂ ಇದ್ದರು.

ಮುದುಕಿ ಕಕ್ಕಸು ತೊಳೆದ ನಾಲ್ಕನೆಯ ದಿನ ಅತ್ತಿಗೆ ಅದೇ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ಹೇಳಿದಳು, ನಾಳೆ ಪರೀಕ್ಷೆಯಲ್ಲಿ ಪಾಠಕ್ಕೆ ಮುಂಚೆಯೇ ಎಲ್ಲರೂ ಸರಿ ಗುಂಡಿ ಒತ್ತೋಣ.

“ಪಾಠ ಮಾಡೋಳು ನಿನ್ನ ನಾದಿನಿ ಕಣೇ. ಫೇಲಾಗ್ತಾಳೆ,” ಎಂದಳು ಒಡೆದ ದನಿಯ ಗೊಗ್ಗರಕ್ಕ.

“ಆಗ್ಲಿ.”

“ಹೊಟ್ಟೆಕಿಚ್ಚೇನೇ?”

“ಹೌದು,” ಎಂದಳು ಅತ್ತಿಗೆ. ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಬೆರಗಾಯಿತು.

ಮುದುಕಿ ಬ್ಲೀಚಿಗೆ ಬಿರುಕುಬಿಟ್ಟ ಕೈಗಳನ್ನು ಸೀರೆಗೆ ಒರೆಸಿಕೊಂಡಳು. “ಅವಳಿಗೆ ಅದಿದ್ರೆ ಇರ್ಲಿ ಬಿಡ್ರೇ. ನಂಗೆ ಆ ಮುಂಡೇಮಗನ ಮುಖ ನೋಡ್ಬೇಕು.”

ಮರುದಿನ ಪರೀಕ್ಷಕಿ ಪರದೆಯ ಮೂಲೆಯ ಚೌಕದಲ್ಲಿ ಕಾಣಿಸಿಕೊಂಡಳು. ಎಲ್ಲೋ ದೂರದ ಊರಿನಲ್ಲಿ ಕೂತವಳು. ಬೆನ್ನ ಹಿಂದೆ ಪುಸ್ತಕದ ಕಪಾಟು. ನಾದಿನಿಯ ಕಾಲರಿಗೆ ಮೈಕು ಸಿಕ್ಕಿಸಲಾಗಿತ್ತು. ಮೊದಲ ಪ್ರಶ್ನೆ ಮೂಡಿತು: ಯಾವುದು ಎಲ್ಲಕ್ಕಿಂತ ದೊಡ್ಡದು? ನಾಲ್ಕನೇ ಒಂದು, ಎಂಟನೇ ಒಂದು, ಹತ್ತನೇ ಒಂದು, ಹದಿನಾರನೇ ಒಂದು.

ಹದಿನಾರು ಹೆಬ್ಬೆರಳುಗಳು ಮೊದಲ ಗುಂಡಿ ಒತ್ತಿದವು. ಪರದೆ ಒಂದೇ ಸಲಕ್ಕೆ ಹಸಿರಾಯಿತು.

ಮುಖ್ಯಸ್ಥನ ಮುಖದಲ್ಲಿ ರಕ್ತ ಇಳಿಯುವುದನ್ನು ಮುದುಕಿ ಕಣ್ತುಂಬ ನೋಡಿದಳು. ಪರೀಕ್ಷಕಿ ಕ್ಯಾಮೆರಾದ ಹತ್ತಿರಕ್ಕೆ ಬಾಗಿ ಕೇಳಿದಳು: “ಇವರಿಗೆ ಮೊದಲೇ ಗೊತ್ತಿದೆಯಲ್ಲ. ಯಾರು ಕಲಿಸಿದ್ದು?”

ನಾದಿನಿ ತಿರುಗಿ, ಆ ಕಟ್ಟಡದಲ್ಲಿ ಮೊದಲ ಸಲ, ಅತ್ತಿಗೆಯ ಮುಖ ನೋಡಿದಳು. ನೆನೆಸಿರದೇ ಇದ್ದ ಆಸೆಯೊಂದು ಎಲ್ಲಿಂದಲೋ ಎದ್ದು ಬಂತು. ಎದ್ದು ನಿಲ್ಲಬೇಕಾದೀತೆಂದು ಕಾಲುಗಳನ್ನು ಕುರ್ಚಿಯ ಕೆಳಗಿಂದ ಮುಂದಕ್ಕೂ ತಂದಳು.

“ನಾನೇ ಮೇಡಂ,” ಎಂದಳು ನಾದಿನಿ. “ಪಾಠಕ್ಕೆ ಮುಂಚೆ ಎಲ್ಲರಿಗೂ ವಿಡಿಯೋ ಕಳಿಸಿದ್ದೆ. ಮನೇಲೇ ನೋಡಿ ಕಲಿತು ಬಂದಿದಾರೆ.”

ಪರೀಕ್ಷಕಿಗೆ ತುಂಬ ಸಂತೋಷವಾಯಿತು. ಈ ಪದವಿ ಹುಟ್ಟಿದ್ದೇ ಇಂಥ ಶಿಕ್ಷಕಿಯರಿಗಾಗಿ ಎಂದಳು. ಮುಖ್ಯಸ್ಥನ ಮುಖಕ್ಕೆ ರಕ್ತ ಮರಳಿ ಬಂತು. ಹೆಂಗಸರ ಸಾಲಿನಲ್ಲಿ ವಿಡಿಯೋ ಬರುವ ಫೋನು ಇದ್ದದ್ದು ಇಬ್ಬರ ಹತ್ತಿರ.

ಪಾಠ ಶುರುವಾಯಿತು. ಪರದೆಯ ಮೇಲೆ ನೀಲಿ ಬಕೆಟ್ಟುಗಳು ಒಂದೊಂದಾಗಿ ಉರುಳಿ ಬಂದವು, ಮೊದಲು ನಾಲ್ಕು, ಆಮೇಲೆ ಎಂಟು. ಒಂದು ಬಾಟಲಿ ಬಾಗಿ ಎಲ್ಲಕ್ಕೂ ಹಂಚಿತು. ನಾಲ್ಕರ ಮೇಲೆ ವಾಸನೆಯ ಗೆರೆಗಳು ದಟ್ಟವಾಗಿ, ಎಂಟರ ಮೇಲೆ ತೆಳ್ಳಗೆ ಎದ್ದವು. ಜೊತೆಗೆ ಸಂಗೀತ. ಅಡಿಯಲ್ಲಿ, ‘ಪರಿಕಲ್ಪನೆ ಮತ್ತು ರಚನೆ’ ಎಂದು ನಾದಿನಿಯ ಹೆಸರು. ಗೊಗ್ಗರಕ್ಕ ಅತ್ತಿಗೆಯ ಕಡೆ ತಿರುಗಿ ಏನೋ ಹೇಳಹೋಗಿ, ಅವಳ ಮುಖ ನೋಡಿ ಮತ್ತೆ ಪರದೆಯ ಕಡೆಗೆ ತಿರುಗಿದಳು.

ಪಾಠ ಮುಗಿಯಿತು. ಅದೇ ಪ್ರಶ್ನೆ ಮತ್ತೆ ಮೂಡಿತು. ನಾದಿನಿ ನಗುಮುಖದಿಂದ ಮೊದಲ ಉತ್ತರದ ಮುಂದೆ ಹೋಗಿ ನಿಂತಳು.

ಅತ್ತಿಗೆ ತೊಡೆಯ ಮೇಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟಳು. ಎಲ್ಲರಿಗೂ ಕಾಣುವ ಹಾಗೆ ಹೆಬ್ಬೆರಳನ್ನು ಕೊನೆಯ ಗುಂಡಿಯ ಮೇಲೆ ಊರಿದಳು. ಮುದುಕಿ ನೋಡಿದಳು. ಗೊಗ್ಗರಕ್ಕ ನೋಡಿದಳು. ಹಿಂದಿನ ಸಾಲು ಕತ್ತು ಚಾಚಿತು.

ಹದಿನಾರೂ ಕೆಂಪು.

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. “ಪಾಠಕ್ಕೆ ಮುಂಚೆ ಗೊತ್ತಿದ್ದದ್ದು, ಪಾಠ ಕೇಳಿದ ಮೇಲೆ ಎಲ್ಲಿ ಹೋಯಿತು?”

ಯಂತ್ರ ಕೆಟ್ಟಿದೆ ಎಂದ ಮುಖ್ಯಸ್ಥ. ಕೈ ಎತ್ತಿಸಿ ಕೇಳೋಣ ಎಂದು ಸಾಲುಗಳ ನಡುವೆ ಬಂದು, ಚೌಕದ ಕಡೆಗೆ ಬೆನ್ನು ಮಾಡಿ, ಹಲ್ಲು ಕಚ್ಚಿಕೊಂಡೇ ಹೇಳಿದ: “ಕೆಲ್ಸ ಬೇಕೋ ಬೇಡ್ವೋ, ನೋಡ್ಕಳಿ.” ಆಮೇಲೆ ಗಟ್ಟಿಯಾಗಿ, ನಾಲ್ಕನೇ ಒಂದು ದೊಡ್ಡದು ಅನ್ನೋರು ಕೈ ಎತ್ತಿ ಎಂದ. ಯಾರೂ ಎತ್ತಲಿಲ್ಲ. ಎಂಟನೇ ಒಂದು, ಹತ್ತನೇ ಒಂದು. ಇಲ್ಲ.

ಹದಿನಾರನೇ ಒಂದು ಎಂದು ಅವನು ಕೇಳಲಿಲ್ಲ. ಕೇಳಿದವಳು ಪರೀಕ್ಷಕಿ.

ಮೊದಲು ಎದ್ದದ್ದು ಅತ್ತಿಗೆಯ ಕೈ. ಪಕ್ಕದಲ್ಲಿ ಮುದುಕಿಯದು, ಬೆರಳ ಸಂದಿಯಲ್ಲಿ ಬಿಳಿಚಿ ಸುಲಿದದ್ದು. ಆಮೇಲೆ ಸಾಲು ಸಾಲಾಗಿ ಹದಿನಾರೂ ಕೈಗಳು ಪರದೆಯ ಬೆಳಕಿನಲ್ಲಿ ಎದ್ದು ನಿಂತವು.

“ಅತ್ತಿಗೆ,” ಎಂದಳು ನಾದಿನಿ. ಉಸಿರಿನಷ್ಟು ಮೆಲ್ಲಗೆ ಅಂದದ್ದು. ಕಾಲರಿನ ಮೈಕು ಅದನ್ನು ನಾಲ್ಕೂ ಗೋಡೆಗಳಿಗೆ ಹೇಳಿತು.

“ಯಾರು ಅತ್ತಿಗೆ?” ಎಂದು ಕೇಳಿದಳು ಪರೀಕ್ಷಕಿ.

ನಾದಿನಿ ನೆಲ ನೋಡಿದಳು. ಅತ್ತಿಗೆ ಕೈ ಇಳಿಸಲಿಲ್ಲ.