ತಳದ ಎರಡು ಗೆರೆ

2025ರ ಸೆಪ್ಟೆಂಬರ್ 18, ಗುರುವಾರ, ಬೆಳಿಗ್ಗೆ ಎಂಟೂವರೆ. ಮಳೆ ಆಗಷ್ಟೇ ಬಿಟ್ಟಿತ್ತು. ಭಾಂಡುಪಿನ ಹಳೆಯ ಬಿಲ್ಡಿಂಗೊಂದರ ಟೆರೇಸಿನಲ್ಲಿ ವಸಂತಿ ಕುಕ್ಕುರುಗಾಲಲ್ಲಿ ಕೂತು ಮಳೆಮಾಪಕದ ನೀರಿನ ಮಟ್ಟಕ್ಕೆ ಕಣ್ಣು ಹೊಂದಿಸುತ್ತಿದ್ದರು. ಪಕ್ಕದಲ್ಲಿ ನಿಂತು ಶುಭಾ ನೋಡುತ್ತಿದ್ದಳು.

ಶುಭಾ ಮೋಡ ಬಿತ್ತನೆಯ ಪ್ರಯೋಗ ನಡೆಸುವ ಖಾಸಗಿ ಸಂಸ್ಥೆಯೊಂದರಲ್ಲಿ ಅಂಕಿಅಂಶ ನೋಡುವವಳು. ಮಳೆಗಾಲವಿಡೀ ಸಣ್ಣ ವಿಮಾನವೊಂದು ಮೋಡದ ಬುಡದಲ್ಲಿ ಉಪ್ಪಿನ ನುಣ್ಣನೆಯ ಹೊಗೆ ಬಿಟ್ಟಿತ್ತು. ಗಾಳಿ ಆ ಮೋಡಗಳನ್ನು ಭಾಂಡುಪಿನ ಕಡೆಗೆ ತರುತ್ತಿತ್ತು; ಅದೇ ನಗರದ ಇನ್ನೊಂದು ಬಡಾವಣೆಯಾದ ಸಯನ್ನಿಗೆ ಉಪ್ಪು ತಾಗುತ್ತಿರಲಿಲ್ಲ. ಎರಡೂ ಕಡೆಯ ಮಳೆಯನ್ನು ಹೋಲಿಸಿದಾಗ, ಹಾರಾಟದ ನಲವತ್ತೊಂದು ದಿನಗಳಲ್ಲಿ ಭಾಂಡುಪಿನದ್ದು ದಿನಕ್ಕೆ ಸರಾಸರಿ 2.1 ಮಿಲಿಮೀಟರ್ ಹೆಚ್ಚು. ಯೋಜನೆ ಮುಂದಿನ ವರ್ಷವೂ ನಡೆಯುವುದು, ಶುಭಾಳ ಗುತ್ತಿಗೆ ಕೆಲಸ ಉಳಿಯುವುದು, ಎಲ್ಲವೂ ಈ ಅಂಕಿಯ ಮೇಲೆ ನಿಂತಿತ್ತು. ಮಧ್ಯಾಹ್ನ ವರದಿ ಕೊಡಬೇಕು. ಮೇಲಧಿಕಾರಿ ವಿಕ್ರಂ ಆಗಲೇ ಪೇಡಾಕ್ಕೆ ಹೇಳಿಯಾಗಿತ್ತು.

ಆದರೆ ನಿನ್ನೆ, ವಸಂತಿ ದಿನಾ ಮಳೆಯ ಅಳತೆ ಬರೆದಿಡುವ ಪುಸ್ತಕ ತಿರುವುವಾಗ ಶುಭಾಳ ಕಣ್ಣು ಒಂದು ಕಡೆ ನಿಂತಿತು. ಅದರಲ್ಲಿ ಸೊನ್ನೆಗಳಿದ್ದವು, ಎರಡನ್ನು ದಾಟಿದ ಅಂಕಿಗಳಿದ್ದವು. ನಡುವಿನದ್ದು ಒಂದೂ ಇಲ್ಲ. ಸಯನ್ನಿನಲ್ಲಿ ಒಂಬತ್ತು ದಿನ ಬರೀ ತುಂತುರು ಬಿದ್ದಿತ್ತು. ಭಾಂಡುಪಿಗೆ ತುಂತುರೇ ಬೀಳುವುದಿಲ್ಲವೇ?

ವಸಂತಿ ಹನ್ನೊಂದೂವರೆ ಮಿಲಿಮೀಟರ್ ಎಂದು ಬರೆದುಕೊಂಡರು. ನಲವತ್ತು ವರ್ಷ ಗಂಡನ ಹೋಟೆಲಿನ ಅಡುಗೆಮನೆ ನೋಡಿಕೊಂಡವರು ಅವರು; ಉಪ್ಪಿನಿಂದ ಮಳೆ ಹೇಗೆ ಎಂಬುದು, ಶುಭಾ ಈ ಮಾಪಕ ಓದಲು ಹೇಳಿಕೊಟ್ಟ ಜೂನಿನಿಂದ ತಲೆಯಲ್ಲಿ ಕೊರೆಯುತ್ತಿತ್ತು.

"ನಮ್ಮ ಭರಣಿಯ ಉಪ್ಪು ಮಳೆಗಾಲದಲ್ಲಿ ನೀರು ಬಿಡ್ತದಲ್ಲ, ಮೇಲೆಯೂ ಹಾಗೆಯಾ?"

ಹಾಗೆಯೇ ಎಂದಳು ಶುಭಾ. ಉಪ್ಪಿನ ಕಣ ಆವಿಯನ್ನು ಎಳೆದುಕೊಂಡು ದೊಡ್ಡ ಹನಿಯಾಗುತ್ತದೆ, ಇಳಿಯುವಾಗ ದಾರಿಯ ಸಣ್ಣ ಹನಿಗಳನ್ನೆಲ್ಲ ಕೂಡಿಸಿಕೊಳ್ಳುತ್ತದೆ. ಇಲ್ಲದ ಮೋಡವನ್ನು ಮಾತ್ರ ಯಾರೂ ಹುಟ್ಟಿಸಲಾರರು.

"ಹಾಗಾದ್ರೆ ಅಡುಗೆ ಮೇಲಿನವನದ್ದೇ. ನಿಮ್ಮದು ಒಗ್ಗರಣೆ ಮಾತ್ರ," ಎಂದು ವಸಂತಿ ನಕ್ಕರು.

ನಗುತ್ತಲೇ ಕೊಳವೆ ಬಗ್ಗಿಸಿ ನೀರು ಚೆಲ್ಲಿದರು. ಸ್ವಲ್ಪ ಉಳಿದಾಗ ನೆಟ್ಟಗೆ ಹಿಡಿದು ಗೆರೆ ನೋಡಿದರು, ಇನ್ನೊಂದು ತೊಟ್ಟು ಚೆಲ್ಲಿದರು, ಮತ್ತೆ ಅದರ ಜಾಗದಲ್ಲಿ ಸಿಕ್ಕಿಸಿದರು. ಗೆರೆಗೊಂದು ಮಿಲಿಮೀಟರ್.

"ವಸಂತಕ್ಕ, ತಳದಲ್ಲಿ ನೀರು ಉಳೀತಲ್ಲ."

"ಉಳಿಸಿದ್ದು ಮಾರಾಯ್ರೆ. ಅಳೆಯುವ ಪಾತ್ರೆ ಪೂರ್ತಿ ಬರಿದು ಮಾಡ್ಲಿಕ್ಕುಂಟಾ? ಅಕ್ಕಿಯ ಪಾವಿನಲ್ಲೂ ನಾಲ್ಕು ಕಾಳು ಬಿಡ್ತೇವೆ. ದಿನಾ ಎರಡೇ ಗೆರೆ."

"ಮಾರನೇ ದಿನ ಬರೆಯುವಾಗ ಆ ಎರಡನ್ನ ಕಳೀತೀರಾ?"

"ಕಂಡದ್ದನ್ನು ಕಂಡ ಹಾಗೆ ಬರೀಬೇಕು ಅಂತ ನೀವೇ ಹೇಳಿದ್ದಲ್ವಾ? ಮಳೆ ಬಾರದ ದಿನ ಮಾತ್ರ ಸೊನ್ನೆ." ಅವರ ಮುಖ ಸಣ್ಣದಾಯಿತು. "ತಪ್ಪಾಯ್ತಾ?"

ಪೂರ್ತಿ ಚೆಲ್ಲಬೇಕೆಂದು ತಾನು ಹೇಳಿಕೊಟ್ಟಿರಲಿಲ್ಲ ಎಂದಳು ಶುಭಾ. ಅದು ನಿಜವೂ ಆಗಿತ್ತು.

ಟೆರೇಸಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ವಿಕ್ರಂನ ಕರೆ ಎರಡು ಸಲ ಬಂದು ತಾನೇ ನಿಂತಿತು. ಹಾರಾಟದ ನಲವತ್ತೊಂದು ದಿನಗಳಲ್ಲಿ ಸೊನ್ನೆ ಒಂದೂ ಇರಲಿಲ್ಲ; ಒಂದೊಂದು ಅಂಕಿಯಿಂದಲೂ ಅವಳು ಎರಡು ಕಳೆದಳು. ವಸಂತಿ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ವರದಿಯ ಕೊನೆಯ ಸಾಲನ್ನು ಅಳಿಸಿ ಹೊಸದಾಗಿ ಬರೆದಳು: ಸರಾಸರಿ ವ್ಯತ್ಯಾಸ, 0.1 ಮಿಲಿಮೀಟರ್.