ನಾಲ್ಕನೆಯ ಸದ್ದು

ತುಕ್ಕಾನಟ್ಟಿಯ ವೀರಪ್ಪನವರ ಹೊಲದಲ್ಲಿ ನಾವು ಬಾವಿ ತೋಡಿದ್ದು ಎರಡನೆಯ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ. ನಾನು ಮುಕಾದಮ. ನನ್ನ ಕೈಕೆಳಗೆ ಮೂವರು, ಮೂವರೂ ನಮ್ಮ ನಾಗನೂರಿನವರೇ.

ಉದ್ದಪ್ಪ ಕಲ್ಲಿನಲ್ಲಿ ಕುಳಿ ಹೊಡೆದು ಮದ್ದು ತುಂಬುವವನು. ಕೈ ಎಷ್ಟು ಜೋರೋ ಬಾಯಿಯೂ ಅಷ್ಟೇ ಜೋರು. ನಾಲ್ಕು ಜನರೆದುರು ಹೊಗಳಿದರೆ ಇನ್ನೊಂದು ಕುಳಿ ಹೆಚ್ಚಿಗೆ ಹೊಡೆಯುತ್ತಿದ್ದ. ತಪ್ಪು ಹೇಳುವುದಿದ್ದರೆ ಮಾತ್ರ ಬಾಜೂಕ್ಕೆ ಕರೆದು ಹೇಳಬೇಕು. ಯಲ್ಲಾರಿ ಮೇಲೆ ನಿಂತು ಗಾಲಿಯ ಹಗ್ಗ ಜಗ್ಗಿ ಬುಟ್ಟಿ ಎತ್ತುವವನು. ಅವನಿಗೆ ದನಿ ಏರಿಸಿದರೆ ಎರಡು ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. ಶಿದ್ರಾಮ ಒಡೆದ ಕಲ್ಲನ್ನು ಬುಟ್ಟಿಗೆ ತುಂಬುವವನು. ಪುಕ್ಕಲ. ಬಾವಿಗೆ ಇಳಿಯುವ ಮೊದಲು ಹಗ್ಗದ ನಿಚ್ಚಣಿಕೆಯ ಗಂಟುಗಳನ್ನು ಮೂರು ಮೂರು ಸಲ ಮುಟ್ಟಿ ನೋಡುತ್ತಿದ್ದ. ಅದಕ್ಕೆಂದೇ ಸದ್ದು ಎಣಿಸುವ ಕೆಲಸ ಅವನಿಗೆ ಕೊಟ್ಟಿದ್ದೆ.

ದಿನಾ ನಾಲ್ಕು ಕುಳಿಗೆ ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಉದ್ದಪ್ಪ ಮೇಲೆ ಬರುತ್ತಿದ್ದ. ಎಲ್ಲರೂ ಬೇವಿನ ಗಿಡದ ಹಿಂದೆ ಹೋಗಿ ನಿಲ್ಲುತ್ತಿದ್ದೆವು. ನಾಲ್ಕು ಸದ್ದು ಕೇಳಬೇಕು. ಮೂರೇ ಕೇಳಿದರೆ ಒಂದು ಕುಳಿ ಒಳಗೆ ಇನ್ನೂ ಜೀವಂತ ಇದೆ ಎಂದು ಅರ್ಥ. ಆಗ ಮರುದಿನದ ತನಕ ಯಾರೂ ಇಳಿಯುವಂತಿಲ್ಲ. ಹಾಗೆ ಇಳಿದು ಸತ್ತವರನ್ನು ನಾನು ಹುಕ್ಕೇರಿ ಕಡೆ ಕಣ್ಣಾರೆ ಕಂಡವನು.

ಒಂದೇ ವಾರದಲ್ಲಿ ಎರಡು ಸಲ ಶಿದ್ರಾಮ ಮೂರೇ ಸದ್ದು ಎಂದು ಕೆಲಸ ನಿಲ್ಲಿಸಿದ. ಎರಡೂ ಸಲ ಮರುದಿನ ಇಳಿದು ನೋಡಿದರೆ ನಾಲ್ಕೂ ಕುಳಿ ಸಿಡಿದು ಹಾರಿದ್ದವು. ಮೂರನೆಯ ಸಲ ಮತ್ತೆ ಅದೇ ಮಾತು.

“ಮೂರ ಕೇಳಿಸಿದುವ್ರಿ ಮುಕಾದಮ್ರ. ಎರಡು ಕೂಡೇ ಹಾರಿದ್ವೋ ಏನೋ, ನನಗ ಖಾತ್ರಿ ಇಲ್ರಿ.”

“ನಿನಗ ನಿನ್ನ ಹೆಸರರ ಖಾತ್ರಿ ಐತೇನೋ?” ಎಂದ ಉದ್ದಪ್ಪ. “ಏ ಶಿದ್ರಾಮವ್ವಾ, ನಾಳಿಂದ ಸೀರಿ ಉಟ್ಕೊಂಡ ಬಾ. ಬುತ್ತಿ ಹೊತ್ಕೊಂಡ ಬರಾಕರ ಆಗ್ತೀ.”

“ನಗೋ ಯಪ್ಪಾ, ನಗು. ಸತ್ತ ಮ್ಯಾಲ ನಗಾಕ ಬರಂಗಿಲ್ಲ.”

ಉದ್ದಪ್ಪ ಎದ್ದುಹೋಗಿ ಅವನ ಅಂಗಿ ಹಿಡಿದ. ನಾನು ಬಿಡಿಸಿದೆ. ಅವತ್ತೂ ಕೆಲಸ ನಿಂತಿತು. ಮರುದಿನ ನೋಡಿದರೆ ಅವತ್ತೂ ನಾಲ್ಕು ಹಾರಿದ್ದವು.

ಉದ್ದಪ್ಪ ನನ್ನನ್ನು ಬಾಜೂಕ್ಕೆ ಕರೆದ. “ಅಣ್ಣಾ, ಅವನ್ನರ ಇಟ್ಕೋ, ನನ್ನರ ಇಟ್ಕೋ. ಫಾಲ್ಸ ಕಡೆ ನೂಲಿನ ಗಿರಣ್ಯಾಗ ನೆಳ್ಳಾಗ ಕೆಲಸ ಐತಿ. ನಾ ಹೊಂಟೆ.”

ಅವನು ಹೋದರೆ ಆ ಕರಿಕಲ್ಲಿಗೆ ಉಳಿ ಹಿಡಿಯುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಶಿದ್ರಾಮನನ್ನು ಬಿಡಿಸುವುದಕ್ಕೂ ಮನಸ್ಸಾಗಲಿಲ್ಲ. ಯಾರನ್ನೂ ಬೈಯದೆ ಎಲ್ಲರನ್ನೂ ಕೂಡಿಸಿಕೊಂಡು ಹೋಗುವವನು ಎಂದು ನನಗೆ ಹೆಸರಿತ್ತು. ಆ ಹೆಸರು ನನಗೆ ಇಷ್ಟವೂ ಇತ್ತು.

ಮರುದಿನ ರೊಟ್ಟಿ ತಿನ್ನುವಾಗ ನಗುನಗುತ್ತಲೇ ಹೇಳಿದೆ: “ಇನ್ನ ಮ್ಯಾಲ ಒಂದ ಕಟ್ಟಳಿ. ಯಾರಿಗಿ ಅನುಮಾನ ಬರತೈತೋ ಅವರ ಆಗಿಂದಾಗ ಮೊದಲ ಇಳದು ನೋಡಬೇಕು.”

ಉದ್ದಪ್ಪ ತೊಡೆ ತಟ್ಟಿ ನಕ್ಕ. “ಭಲೇ ಮುಕಾದಮ! ಇದು ಮಾತು ನೋಡು!” ಯಲ್ಲಾರಿ ತಲೆ ತಗ್ಗಿಸಿದ. ಶಿದ್ರಾಮ ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಮರಳಿ ಇಟ್ಟ. “ಆಗ್ಲಿರಿ” ಎಂದ.

ಆಮೇಲೆ ಇಪ್ಪತ್ತು ದಿನ ಒಂದು ಜಗಳವಿಲ್ಲ. ದಿನಾ ಶಿದ್ರಾಮ “ನಾಕ್ರಿ” ಎನ್ನುತ್ತಿದ್ದ. ಉದ್ದಪ್ಪ ತನ್ನ ಬುತ್ತಿಯ ಉಳ್ಳಾಗಡ್ಡಿಯನ್ನು ಗುದ್ದಿ ಅವನಿಗೆ ಅರ್ಧ ಕೊಡತೊಡಗಿದ. “ಮಂದೀನ ಹೆಂಗ ಹಿಡೀಬೇಕು ಅನ್ನೂದ ನಿನ್ನ ಕಡೆ ಕಲೀಬೇಕ ನೋಡ ಶೆಟ್ಟೆಪ್ಪಾ” ಎಂದರು ವೀರಪ್ಪನವರು. ನಾನು ಉಬ್ಬಿದೆ. ನಾಲ್ಕು ಎಂದಾಗೆಲ್ಲ ಅವನಿಗೆ ನಿಜಕ್ಕೂ ನಾಲ್ಕು ಕೇಳಿಸಿದ್ದವೇ ಎಂದು ಒಂದು ದಿನವೂ ಕೇಳಲಿಲ್ಲ.

ಆ ದಿನ ನಾನು ಗಿಡದ ಹಿಂದೆ ವೀರಪ್ಪನವರ ಜೊತೆ ಬಾವಿಯ ಗೋಡೆ ಕಟ್ಟುವ ಕಲ್ಲಿನ ಮಾತಾಡುತ್ತಿದ್ದೆ. ಸದ್ದುಗಳಾದವು. ಎಣಿಸಲಿಲ್ಲ.

“ಎಷ್ಟಾದುವೋ?” ಎಂದು ಕೇಳಿದೆ.

“ನಾಕು” ಎಂದ ಉದ್ದಪ್ಪ.

ನಾನು ಶಿದ್ರಾಮನ ಕಡೆ ನೋಡಿದೆ. ಅವನು ನಾಲ್ಕು ಎನ್ನಲಿಲ್ಲ, ಮೂರು ಎಂದೂ ಅನ್ನಲಿಲ್ಲ. ತಲೆಗೆ ಸುತ್ತಿದ ಪಟಗ ಬಿಚ್ಚಿ, ಮಡಚಿ, ಕಲ್ಲಿನ ಮೇಲಿಟ್ಟು ಬಾವಿಯ ಕಡೆ ನಡೆದ.

“ಎಲ್ಲಿಗೋ?”

“ಒಂದೀಟ ನೋಡಿ ಬರ್ತೇನ್ರಿ.”

“ಹೋಗ್ಲಿ ಬಿಡಣ್ಣಾ” ಎಂದು ಉದ್ದಪ್ಪ ನಕ್ಕ. “ಇವತ್ತ ಗಂಡಸಾದ ನಮ್ಮ ಶಿದ್ರಾಮವ್ವ!”

ಅವನಿಗೆ ಅನುಮಾನ ಬಂದಿದೆ ಎಂದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿಯಿತು. ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ಹಾಕಿದ ಕಟ್ಟಳೆ ನಾನೇ ಮುರಿದಂತೆ. ಮತ್ತೆ ಅನುಮಾನ, ಮತ್ತೆ ಜಗಳ, ಉದ್ದಪ್ಪ ಗಂಟು ಕಟ್ಟುವುದು. ಧಣಿ ಬೇರೆ ಬಾಜೂಕ್ಕೇ ನಿಂತಿದ್ದಾರೆ. “ಹುಷಾರಪಾ” ಎಂದಷ್ಟೇ ಅಂದೆ. ಅವನು ಅವತ್ತು ಗಂಟುಗಳನ್ನು ಮುಟ್ಟಿ ನೋಡಲಿಲ್ಲ, ಸರಸರ ಇಳಿದುಬಿಟ್ಟ.

ಬತ್ತಿ ಒಳಗೊಳಗೇ ಉರಿಯುತ್ತಿತ್ತೆಂದು ಕಾಣುತ್ತದೆ. ಅವನು ತಳ ಮುಟ್ಟಿರಬೇಕು, ಅಷ್ಟರಲ್ಲಿ ನಾಲ್ಕನೆಯದು ಹಾರಿತು.

ಹೊಗೆ ಕರಗುವ ಮೊದಲೇ ಇಳಿದವನು ಉದ್ದಪ್ಪ. ನಿಚ್ಚಣಿಕೆ ಹರಿದಿತ್ತು, ಗಾಲಿಯ ಹಗ್ಗ ಹಿಡಿದು ಜಾರಿದ. “ಶಿದ್ರಾಮಣ್ಣಾ! ಶಿದ್ರಾಮಣ್ಣಾ!” ಎಂದು ಒದರುತ್ತಿದ್ದ. ಒಂದು ದಿನವೂ ಅವನನ್ನು ಅಣ್ಣಾ ಎಂದು ಕರೆದವನಲ್ಲ. ಶಿದ್ರಾಮನನ್ನು ಬೆನ್ನಿಗೆ ಕಟ್ಟಿಕೊಂಡ, ಯಲ್ಲಾರಿ ಮತ್ತು ನಾನು ಜಗ್ಗಿದೆವು. ಗಾಡಿ ಹೂಡುವಷ್ಟರಲ್ಲಿ ಶಿದ್ರಾಮನ ಉಸಿರು ನಿಂತಿತ್ತು.

ಗಾಡಿಯ ಹಿಂದೆ ಮೂವರೂ ನಾಗನೂರಿಗೆ ನಡೆದೆವು. ಅರ್ಧ ದಾರಿಯಲ್ಲಿ ಯಲ್ಲಾರಿ ಬಾಯಿಬಿಟ್ಟ.

“ನನಗೂ ಮೂರ ಕೇಳಿಸಿದ್ದುವು.”

“ಮತ್ತ ಯಾಕ ಹೇಳ್ಲಿಲ್ಲೋ?” ಎಂದೆ.

“ಹೇಳಿದ್ರ ನಾ ಇಳೀಬೇಕಿತ್ತಲ್ಲಣ್ಣಾ.”

ಉದ್ದಪ್ಪ ಗಾಡಿಯ ಹಲಗೆ ಹಿಡಿದು ನಡೆಯುತ್ತಿದ್ದ, ಕತ್ತು ಎತ್ತಲಿಲ್ಲ. “ನಾ ಎಣಿಸೇ ಇರಲಿಲ್ಲ. ನಾಕ ಅನ್ನೂದ ರೂಢಿ ಆಗಿತ್ತು.”

ಶಿದ್ರಾಮನ ಹೆಂಡತಿ ಕಾಶೆವ್ವನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿ ಕೇಳಿದಳು: “ಅವರಾಗೇ ಇಳದ್ರೋ, ನೀವ ಇಳಸಿದ್ರ್ಯೋ?”

“ತಾನಾಗೇ ಇಳದ, ತಂಗೆವ್ವಾ” ಎಂದೆ.

ಹಿಂದೆ ಉದ್ದಪ್ಪ ಇದ್ದ, ಯಲ್ಲಾರಿ ಇದ್ದ. ಇಬ್ಬರಲ್ಲಿ ಒಬ್ಬನಾದರೂ ನಿಜ ಹೇಳಿಬಿಡುತ್ತಾನೆ ಎಂದು ಕಾದೆ. ಹೇಳಲಿ ಎಂದೇ ಕಾದೆ. ಬಾಯಲ್ಲಿ ಒಂದು ಮಾತೂ ನಿಲ್ಲದ ಉದ್ದಪ್ಪ ಸಹ ಸುಮ್ಮನೆ ನಿಂತಿದ್ದ.

“ಅವರು ಹಂಗ ಇಳಿಯೋರಲ್ಲ” ಎಂದಳು ಕಾಶೆವ್ವ.

ಅಂಗಳದಲ್ಲಿ ಇಳಿಸಿದ ಗಂಡನ ತಲೆಯ ಹತ್ತಿರ ಕುಳಿತು, ಕೂದಲೊಳಗಿನ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ನಾವು ಮೂವರೂ ನಿಂತೇ ಇದ್ದೆವು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ.