ಕದ್ದು ಈಜುವವಳು

ಸುಚಿತ್ರಾ ಒಂದು ಕಡೆ ಕೂತವಳೇ ಅಲ್ಲ. ಸಾಗರದ ಬಾಡಿಗೆ ಮನೆಯಲ್ಲಿ ಅವಳು ಅರ್ಧ ಕುಡಿದಿಟ್ಟ ಕಾಫಿ ಲೋಟ ಒಮ್ಮೆ ಕಿಟಕಿಯಲ್ಲಿ ಸಿಗುತ್ತಿತ್ತು, ಇನ್ನೊಮ್ಮೆ ಸ್ಕೂಟಿಯ ಸೀಟಿನ ಮೇಲೆ. ಸೋಮವಾರ ಹೊಸನಗರ, ಬುಧವಾರ ತುಮರಿ, ಶನಿವಾರ ತೀರ್ಥಹಳ್ಳಿ. ಈ ಮೂರು ಕಡೆಯ ಕೂಲಿಯವರ, ಸಣ್ಣ ಹಿಡುವಳಿಯವರ ಮಕ್ಕಳಿಗೆ ಟ್ರಯಥ್ಲಾನ್ ಕಲಿಸಲೆಂದು ಒಂದು ಚಿಕ್ಕ ಟ್ರಸ್ಟಿನವರು ಅವಳನ್ನು ಇಟ್ಟುಕೊಂಡಿದ್ದರು. ಮೊದಲು ಈಜು, ಮೈ ಒರೆಸಿಕೊಳ್ಳುವ ಮೊದಲೇ ಸೈಕಲ್, ಸೈಕಲ್ ಇಳಿದವರೇ ಓಟ. ನಡುವೆ ನಿಲ್ಲುವ ಹಾಗಿಲ್ಲ. "ಒಂದು ಆಟ ಸಾಲದು ಅಂತ ಮೂರು ಆಡೋರಿಗೆ ತಲೆ ನೆಟ್ಟಗಿರ್ತದಾ?" ಎಂದು ಅವಳ ಅಮ್ಮ ಕೇಳುತ್ತಿದ್ದರು. ಸುಚಿತ್ರಾ ನಗುತ್ತಲೇ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದಳು.

ಆದರೆ ಹೋದ ಬೇಸಿಗೆಯಿಂದೀಚೆಗೆ ಅವಳ ಚಡಪಡಿಕೆಯಲ್ಲಿ ನಗು ಇರಲಿಲ್ಲ.

ಏಪ್ರಿಲ್‌ನಲ್ಲಿ ತುಮರಿಯ ಹಿನ್ನೀರಿನಲ್ಲಿ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದ ದಿನ ಅದು. ಖಾಲಿ ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ ಗಡಿ ಮಾಡಿದ್ದಳು. ಬಿಸಿಲೇರಿದ ಮೇಲೆ ಗಾಳಿ ಎದ್ದಿತು, ನೀರು ಅಲೆಯಾಯಿತು. ಎಂಟನೇ ಕ್ಲಾಸಿನ ಕಾವ್ಯಾ ಹಗ್ಗ ದಾಟಿ ಆಚೆ ಸರಿದಳು. ನೀರಿನೊಳಗೆ ನಿಂತಿದ್ದ ಸತ್ತ ಮರದ ಮೋಟೊಂದಕ್ಕೆ ಕಾಲು ಸಿಕ್ಕಿಕೊಂಡಿತು. ಸುಚಿತ್ರಾ ಮುಳುಗಿ, ತಡಕಿ, ಕಾಲು ಬಿಡಿಸಿ ಮೇಲೆ ತಂದಾಗ ಹುಡುಗಿಯ ತುಟಿ ನೀಲಿಯಾಗಿತ್ತು. ಹಿನ್ನೀರಿನ ಮೇಲಿನ ಹೊಸ ಸೇತುವೆಯನ್ನು ಆಗಿನ್ನೂ ಓಡಾಟಕ್ಕೆ ಬಿಟ್ಟಿರಲಿಲ್ಲ. ಸಾಗರದ ಕಡೆಗೆ ದಾಟಿಸುವ ಲಾಂಚು ಆಚೆ ದಡದಲ್ಲಿತ್ತು. ಅದು ಈಚೆಗೆ ಬರುವ ತನಕ ಕಾವ್ಯಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವಳು ಉಸಿರು ಬಿಟ್ಟಾಗೊಮ್ಮೆ ತಾನೂ ಬಿಡುತ್ತಾ ಕಾದಿದ್ದಳು.

ಹುಡುಗಿ ಬದುಕಿದಳು. ಆದರೆ ಸಾಗರದ ಆಸ್ಪತ್ರೆಯ ಹೊರಗೆ, ಎಲ್ಲರೆದುರು, ಅವಳ ಅಪ್ಪ ಕೆರಿಯಪ್ಪ ಕೇಳಿಬಿಟ್ಟ: "ನಮ್ಮ ಮಕ್ಕಳು ಅಂದ್ರೆ ನಿಮಗೆ ಆಟದ ಸಾಮಾನಾ ಮೇಡಂ? ದೊಡ್ಡೋರ ಮಕ್ಕಳನ್ನ ಹಿಂಗೆ ನೀರಿಗೆ ಇಳಿಸ್ತಿದ್ರಾ?"

ಯಾರೂ ಹೇಳುವ ಮೊದಲೇ ಸುಚಿತ್ರಾ ಈಜು ನಿಲ್ಲಿಸಿದಳು, ಮೂರೂ ಕಡೆ. ಓಟ, ಸೈಕಲ್, ಅಷ್ಟೇ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೆರಿಯಪ್ಪ ಮಗಳನ್ನು ಮತ್ತೆ ಕಳಿಸಿದ, ಆದರೆ ಸುಚಿತ್ರಾಳ ಜೊತೆ ಮಾತಾಡಲಿಲ್ಲ. ಮಳೆಗಾಲದಲ್ಲಿ ಸೇತುವೆಯ ಮೇಲೆ ಓಡಾಟ ಶುರುವಾಗಿ, ತುಮರಿಯ ಮಕ್ಕಳು ಅದರ ಮೇಲೆ ಗಾಳಿಗೆ ಎದೆಕೊಟ್ಟು ಸೈಕಲ್ ತುಳಿಯತೊಡಗಿದರು. ಎಲ್ಲರಿಗಿಂತ ಮುಂದೆ ಕಾವ್ಯಾ. ಸೇತುವೆಯ ಮೇಲೆ ಹೋಗುವಾಗ ಸುಚಿತ್ರಾ ಮಾತ್ರ ರಸ್ತೆ ಬಿಟ್ಟು ಆಚೀಚೆ ನೋಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ಜನವರಿಯಲ್ಲಿ ತೀರ್ಥಹಳ್ಳಿಯಲ್ಲಿ ಮಕ್ಕಳ ಟ್ರಯಥ್ಲಾನ್. ತುಂಗೆಯಲ್ಲಿ ಈಜು, ಮೇಳಿಗೆಗೆ ಹೋಗಿ ಬರುವ ಸೈಕಲ್, ಪೇಟೆಯಲ್ಲಿ ಓಟ. ಟ್ರಸ್ಟಿನ ಸೈಕಲ್‌ಗಳನ್ನು ರಿಪೇರಿ ಮಾಡುವ ದೀಪಕ್, ಸಾಗರದ ತನ್ನ ಅಂಗಡಿಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಾ ಕೇಳಿದ, "ಹೆಸರು ಕೊಡೋಣ್ವಾ?"

"ಈಜಿದೆ ಅದರಲ್ಲಿ."

"ಈಜು ಇರೋದಕ್ಕೇ ಅಲ್ವಾ ಅದು ಟ್ರಯಥ್ಲಾನ್?"

"ಬೇಡ ದೀಪಕ್. ಆ ಮಾತು ಬಿಡು." ಅವಳು ಅಂಗಡಿಯ ಒಳಗೆ ಒಂದು ಸುತ್ತು, ಹೊರಗೆ ಒಂದು ಸುತ್ತು ತಿರುಗಿ, ಸರಿಯಾಗಿದ್ದ ಸೈಕಲ್ಲೊಂದರ ಬ್ರೇಕನ್ನು ಬಿಚ್ಚತೊಡಗಿದಳು. ದೀಪಕ್ ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ.

ಮರುವಾರ ತುಮರಿಯಲ್ಲಿ ಕಾವ್ಯಾ ಬೆಳಗಿನ ಓಟಕ್ಕೆ ಬಂದಾಗ ತಲೆ ಒದ್ದೆಯಾಗಿತ್ತು. ಚಳಿಗಾಲದ ಬೆಳಿಗ್ಗೆ, ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ.

"ಸ್ನಾನ ಮಾಡ್ದೆ ಅಕ್ಕ," ಅಂದಳು, ಕೇಳುವ ಮೊದಲೇ.

ಬಚ್ಚಲ ಸ್ನಾನ ಮಾಡಿದವಳ ಮೈಯಲ್ಲಿ ಒಲೆಯ ಹೊಗೆಯ ವಾಸನೆ ಇರುತ್ತದೆ. ಇವಳ ಮೈಯಲ್ಲಿ ಕೆಸರಿನದು, ಹಿನ್ನೀರಿನದು. ಸುಚಿತ್ರಾ ಅವಳನ್ನು ಓಟದ ಸಾಲಿಗೆ ಕಳಿಸಿದಳು. ಆದರೆ ಮಕ್ಕಳಿಗೆ ಓಡಲು ಹೇಳಿ ಸೀಟಿ ಊದುವುದನ್ನೇ ಮರೆತಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಸ್ಕೂಟಿ ಸೇತುವೆ ದಾಟಿತ್ತು. ಅದನ್ನು ರಸ್ತೆಯಲ್ಲೇ ಬಿಟ್ಟು ಅಕೇಶಿಯಾ ನೆಡುತೋಪಿನ ನಡುವೆ ಇಳಿದಳು. ನೀರು ಕಾಣುವ ಮೊದಲೇ ಈಜುವ ಸದ್ದು ಕೇಳಿಸಿತು. ಮೂರು ಕೈ, ಒಂದು ಉಸಿರು. ಮೂರು ಕೈ, ಒಂದು ಉಸಿರು. ಅವಳೇ ಕಲಿಸಿದ ಲಯ. ಓಡಿ ದಡಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಪೊದೆಯ ಹಿಂದಿನಿಂದ ಒಂದು ಕೈ ಅವಳನ್ನು ತಡೆಯಿತು.

ಕೆರಿಯಪ್ಪ. ತಲೆಗೆ ಟವೆಲ್ ಸುತ್ತಿಕೊಂಡು, ಕುಕ್ಕರುಗಾಲಲ್ಲಿ ಅಡಗಿ ಕೂತಿದ್ದ. ಮೀನಿಗೆ ಹೋಗುವ ಅವನ ಸಣ್ಣ ದೋಣಿ ಪಕ್ಕದಲ್ಲೇ ಇತ್ತು. ಕಟ್ಟಿದ್ದ ಹಗ್ಗ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡಿದ್ದ.

"ಕೂಗಬ್ಯಾಡಿ," ಎಂದ ಮೆಲ್ಲಗೆ. "ನಾವು ನೋಡ್ತಿರೋದು ಗೊತ್ತಾದ್ರೆ ಬೆದರ್ತಾಳೆ."

"ಎಷ್ಟು ದಿನದಿಂದ ನಡೀತಿದೆ ಇದು?"

"ಮಳೆ ನಿಂತಾಗಿಂದ. ದನ ಅಟ್ಟಿ ಬರ್ತೀನಿ ಅಂತ ಹೊರಡ್ತಾಳೆ. ದನ ಮನೇಲೇ ಇರ್ತವೆ."

"ನೀವು ಸುಮ್ನೆ ನೋಡ್ತಾ ಕೂತಿದೀರಾ?"

"ಎಂತ ಮಾಡ್ಲಿ? ಬೈದ್ರೆ ನಾಳೆ ಇನ್ನೊಂದು ಕಡೆ ಇಳೀತಾಳೆ. ಅಲ್ಲಿ ಯಾರು ನೋಡ್ತಾರೆ? ಇಲ್ಲಿ ಆದ್ರೆ ನೆಲ ಗೊತ್ತು. ಬ್ಯಾಸಿಗೇಲಿ ನೀರು ಇಳಿದಾಗ ಮೋಟು ಒಂದೂ ಬಿಡದೆ ಕಡ್ದು ಹಾಕಿದೀನಿ. ಅವಳ ಕಾಲು ಹಿಡಿದಿತ್ತಲ್ಲ, ಅದನ್ನೂ." ಅವನು ನೀರಿನಿಂದ ಕಣ್ಣು ತೆಗೆಯದೆ ಮಾತಾಡುತ್ತಿದ್ದ. "ನಂಗೆ ಈಜು ಬರಾದಿಲ್ಲ ಮೇಡಂ. ದೋಣಿ ಮೇಲೆ ಇರೋ ತನಕ ಅಷ್ಟೇ ನನ್ನ ಧೈರ್ಯ. ಅವಳು ಮುಳುಗಿದ್ರೆ ನಾನು ಹೋಗಿ ಮುಟ್ಟೋದ್ರೊಳಗೆ…" ದೋಣಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಕಾವ್ಯಾ ತಿರುಗಿ ದಡದ ಕಡೆ ಬರತೊಡಗಿದಳು. ಇಬ್ಬರೂ ಪೊದೆಯ ಹಿಂದೆ ತಲೆ ತಗ್ಗಿಸಿದರು. ಹುಡುಗಿ ಮೇಲೆ ಬಂದು, ನಡುಗುತ್ತಾ ಲಂಗ ಹಿಂಡಿ, ಆಚೀಚೆ ನೋಡಿ ಓಡಿಹೋದಳು.

ಕೆರಿಯಪ್ಪ ಎದ್ದು ಹಗ್ಗವನ್ನು ಮರಕ್ಕೆ ಕಟ್ಟಿದ. "ಅವತ್ತು ಆಸ್ಪತ್ರೇಲಿ ಅಂದ ಮಾತು ನಾನು ವಾಪಸ್ ತಗಳಲ್ಲ. ಅವತ್ತು ತಪ್ಪು ನಿಮ್ದೇ. ಆದ್ರೆ ಈಗ ಕೈಕಟ್ಟಿ ಕೂತ್ರೆ ಅದೂ ನಿಮ್ದೇ ತಪ್ಪು. ಹುಚ್ಚು ಹಿಡಿಸಿದವ್ರು ನೀವು. ಅರ್ಧ ಕಲ್ಸಿ ಬಿಟ್ರೆ ಹೆಂಗೆ? ಪೂರ್ತಿ ಕಲ್ಸಿ. ದೋಣಿ ನಾನು ತರ್ತೀನಿ."

"ನನ್ನಿಂದ ಆಗಲ್ಲ ಕೆರಿಯಪ್ಪಣ್ಣ."

"ಆಗಲ್ಲ ಅಂದ್ರೆ ಎಂತಕೆ ಇಷ್ಟು ಬೆಳಿಗ್ಗೆ ಓಡಿ ಬಂದ್ರಿ?" ಎಂದವನೇ ಅವನು ಉತ್ತರಕ್ಕೂ ನಿಲ್ಲದೆ ತೋಪಿನೊಳಗೆ ನಡೆದುಬಿಟ್ಟ.

ಸುಚಿತ್ರಾ ಆ ದಿನ ಸ್ಕೂಟಿಯನ್ನು ಸೇತುವೆಯ ನಟ್ಟನಡುವೆ ನಿಲ್ಲಿಸಿದಳು. ಕಬ್ಬಿಣದ ಕಂಬಿ ಹಿಡಿದು ಬಗ್ಗಿ ನೋಡಿದಳು. ಇಷ್ಟು ತಿಂಗಳು ಅವಳು ಒಂದೇ ಮಾತಿನಿಂದ ಸಮಾಧಾನ ತಂದುಕೊಂಡಿದ್ದಳು: ಮಕ್ಕಳು ಈಗ ನೀರಿನಲ್ಲಿಲ್ಲ, ಎಲ್ಲ ಸುರಕ್ಷಿತ. ಆ ಹೊತ್ತಿನಲ್ಲೆಲ್ಲ ಕಾವ್ಯಾ ಇದೇ ನೀರಿನಲ್ಲಿ ಒಬ್ಬಳೇ ಇದ್ದಳು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆಯಿತು. ಅವಳು ಸ್ಕೂಟಿ ಹತ್ತಿ ನೇರ ದೀಪಕ್‌ನ ಅಂಗಡಿಗೆ ಹೋದಳು.

"ಲೈಫ್ ಜಾಕೆಟ್ ಬೇಕು. ಕಿತ್ತಳೆ ಬಣ್ಣದ ತೇಲುಬುಂಡೆ, ಒಬ್ಬೊಬ್ಬರ ಸೊಂಟಕ್ಕೂ ಒಂದೊಂದು. ಜೀವ ಉಳಿಸೋ ತರಬೇತಿ ನಂಗೆ ಮೊದಲು ಆಗಬೇಕು, ಆಮೇಲೆ ದೊಡ್ಡ ಮಕ್ಕಳಿಗೆ. ದೋಣಿ ಎರಡಾದ್ರೂ ಇರಬೇಕು. ಗಾಳಿ ಏಳೋ ಮೊದಲು ಎಲ್ಲರೂ ದಡದಲ್ಲಿರಬೇಕು."

ದೀಪಕ್ ಎಣ್ಣೆ ಕೈ ಒರೆಸಿಕೊಂಡ. "ಹೆಸರು ಕೊಡ್ಲಾ?"

"ಕೊಡು," ಎಂದಳು. ಮತ್ತೆ ಬಾಗಿಲ ತನಕ ಹೋಗಿ ತಿರುಗಿ ಬಂದು, "ಇವತ್ತೇ ಕೊಡು, ನಾಳೆ ಆದ್ರೆ ನಾನು ಬೇಡ ಅನ್ನಬಹುದು," ಎಂದಳು.

ಅವಳ ತರಬೇತಿ ಮುಗಿದು, ಟ್ರಸ್ಟಿನವರು ಜಾಕೆಟ್ ಕೊಡಿಸಿದ ಮೇಲೆ, ಮತ್ತೆ ತುಮರಿಯಲ್ಲಿ ಮಕ್ಕಳು ನೀರಿಗಿಳಿದ ಮೊದಲ ದಿನ ಅವಳ ಗಂಟಲು ಕೂಗಿ ಕೂಗಿ ಬಿದ್ದುಹೋಯಿತು. ತಲೆ ಎಣಿಸುವುದು, ಮರೆಯುವುದು, ಮತ್ತೆ ಎಣಿಸುವುದು. ಒಂದು ದೋಣಿಯಲ್ಲಿ ಕೆರಿಯಪ್ಪ, ಇನ್ನೊಂದರಲ್ಲಿ ಅವನ ನೆಂಟನೊಬ್ಬ. ಕೆರಿಯಪ್ಪನ ತಾಯಿ ಜಲಜಮ್ಮ ದಡದಲ್ಲಿ ಕಂಬಳಿ ಹಾಸಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಳು. ಸುಚಿತ್ರಾ ಎದುರಿಗೆ ಮತ್ತೆ ಮತ್ತೆ ಹಾದುಹೋದಾಗ ಮುದುಕಿಗೆ ತಡೆಯಲಾಗಲಿಲ್ಲ. "ಏ ಮಗಾ, ಒಂದು ಕಡೆ ನಿಂತ್ಕಳೇ. ಮಕ್ಕಳನ್ನ ನೋಡಕ್ಕೆ ಬಂದ್ರೆ ನಿನ್ನನ್ನೇ ನೋಡಿ ನಂಗೆ ತಲೆ ತಿರುಗ್ತದೆ."

ಕಾವ್ಯಾ ಮಾತ್ರ ಮೊದಮೊದಲು ಮುಖ ಊದಿಸಿಕೊಂಡಿದ್ದಳು. ತಾನು ಕದ್ದು ಈಜಿದ್ದು ಅಪ್ಪನಿಗೆ ಗೊತ್ತಿತ್ತೆಂದು ತಿಳಿದು ಅವಳಿಗೆ ಸಿಟ್ಟು ಬಂದಿತ್ತು. "ಅಷ್ಟು ದಿನ ಧೈರ್ಯವಂತೆ ಅಂದ್ಕೊಂಡಿದ್ದೆ ಅಕ್ಕ. ನೋಡಿದ್ರೆ ಅಪ್ಪಯ್ಯ ಕಾವಲು ಕೂತಿದ್ರಂತೆ." ಸುಚಿತ್ರಾ ಅವಳನ್ನು ನೀರಿನ ಮೇಲೆ ಅಂಗಾತ ಮಲಗಿಸಿ ತೇಲಿಸುತ್ತಾ ಹೇಳಿದಳು, "ಗಾಬರಿ ಆದ ಕೂಡಲೇ ಹೀಗೆ ತಿರುಗು. ಕೈಕಾಲು ಬಡೀಬೇಡ. ಆಕಾಶ ನೋಡು, ಉಸಿರು ಎಣಿಸು. ಇದು ಬರೋ ತನಕ ನಿನಗೆ ಧೈರ್ಯ ಬಂದಿಲ್ಲ."

ಜನವರಿಯ ಆ ಭಾನುವಾರ ತುಂಗೆಯ ಮೇಲೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬಂಡೆಗಳಿಲ್ಲದ, ನೀರು ಆಳವಾಗಿ ನಿಂತ ಜಾಗದಲ್ಲಿ ಈಜುವ ದಾರಿ ತೋರಿಸಲು ದೊಡ್ಡ ತೇಲುಬುಂಡೆಗಳನ್ನು ಸಾಲಾಗಿ ಬಿಟ್ಟಿದ್ದರು. ರಕ್ಷಣೆಗೆ ಸಂಘಟಕರದೇ ದೋಣಿಗಳು. ಕೆರಿಯಪ್ಪ ಅವನ್ನೆಲ್ಲ ನೋಡಿ, ತನಗಿಲ್ಲಿ ಕೆಲಸವಿಲ್ಲ ಅಂದುಕೊಂಡು, ಸುಚಿತ್ರಾಳ ಪಕ್ಕ ಬಂದು ನಿಂತ. ದೋಣಿಯಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಸೀಟಿ ಊದಿದರು. ಶಿವಮೊಗ್ಗ, ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಮಕ್ಕಳು ಬಾಣ ಬಿಟ್ಟ ಹಾಗೆ ಹೋದರು. ಕಾವ್ಯಾ ನಡುವಿನ ಗುಂಪಿನಲ್ಲಿದ್ದಳು. ಮೊದಲ ಬುಂಡೆಯ ಹತ್ತಿರ ಎಲ್ಲರೂ ಒಟ್ಟಿಗೆ ತಿರುಗುವಾಗ ಯಾರದೋ ಕಾಲು ಅವಳ ಮುಖಕ್ಕೆ ಬಡಿಯಿತು. ಕೆಂಪು ಟೋಪಿ ಹಾಕಿದ್ದ ಅವಳ ತಲೆ ನೀರಿನೊಳಗೆ ಹೋಯಿತು.

ಸುಚಿತ್ರಾ ಮೊಣಕಾಲಿನ ತನಕ ನೀರಿಗಿಳಿದೇ ಬಿಟ್ಟಿದ್ದಳು. ಕೆರಿಯಪ್ಪ ಅವಳ ತೋಳು ಹಿಡಿದ.

"ನಿಲ್ಲಿ ಮೇಡಂ. ಸ್ವಲ್ಪ ನಿಲ್ಲಿ."

ಟೋಪಿ ಮೇಲೆ ಬಂತು. ಒಂದು ಕ್ಷಣ ಕೈಗಳು ನೀರನ್ನು ಬಡಿದವು. ದೋಣಿಯವರು ಹುಟ್ಟು ಹಾಕುತ್ತಾ ಅವಳ ಕಡೆ ತಿರುಗಿದರು. "ತಿರುಗು," ಎಂದು ಸುಚಿತ್ರಾ ಗೊಣಗಿದಳು, ಕೂಗಿದರೂ ಕೇಳುವಷ್ಟು ಹತ್ತಿರ ಹುಡುಗಿ ಇರಲಿಲ್ಲ. "ತಿರುಗೇ, ತಿರುಗು."

ಕಾವ್ಯಾ ತಿರುಗಿದಳು. ಅಂಗಾತ ಮಲಗಿ, ಕೈ ಚಾಚಿ, ಸುಮ್ಮನೆ ತೇಲಿದಳು. ಉಳಿದವರೆಲ್ಲ ಅವಳನ್ನು ದಾಟಿ ಹೋಗುತ್ತಿದ್ದರು. ದೋಣಿ ಹತ್ತಿರ ಬಂದಾಗ ಒಂದು ಕೈಯೆತ್ತಿ, ಬೇಡ, ಎಂದು ಬೀಸಿದಳು. ದಡದಿಂದ ಆ ಕೈ, ಕೆಂಪು ಟೋಪಿ ಅಷ್ಟೇ ಕಾಣಿಸುತ್ತಿತ್ತು. ಆಮೇಲೆ ಬೋರಲಾಗಿ, ಮೂರು ಕೈ, ಒಂದು ಉಸಿರು, ಮತ್ತೆ ಶುರು ಮಾಡಿದಳು.

ನೀರಿನಿಂದ ಕೊನೆಯವಳಾಗಿ ಮೇಲೆ ಬಂದಳು. ಮೂಗಿನಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅಪ್ಪನನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಸೈಕಲ್ ಹತ್ತಿದವಳು ಮೇಳಿಗೆ ರಸ್ತೆಯ ಏರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬಂದಳೆಂದು ತಿರುವಿನಲ್ಲಿ ನಿಂತಿದ್ದ ದೀಪಕ್ ಫೋನಿನಲ್ಲಿ ಕಿರುಚಿದ. ಓಟ ಮುಗಿಸಿದಾಗ ಅವಳ ಮುಂದೆ ಐದಾರು ಹುಡುಗಿಯರಷ್ಟೇ ಇದ್ದರು. ಪದಕ ಸಿಗಲಿಲ್ಲ. ಕೆರಿಯಪ್ಪ ಹೆಗಲ ಟವೆಲ್ ತೆಗೆದು ಮಗಳ ತಲೆ ಒರೆಸತೊಡಗಿದ. ಮೂರು ಆಟ ಮುಗಿದು ತಲೆ ಯಾವಾಗಲೋ ಒಣಗಿತ್ತು. ಆದರೂ ಒರೆಸುತ್ತಲೇ ಇದ್ದ.

"ಬಿಡು ಅಪ್ಪಯ್ಯ, ಎಲ್ಲರೂ ನೋಡ್ತಾರೆ," ಎಂದಳು ಕಾವ್ಯಾ. ಆಮೇಲೆ ಸುಚಿತ್ರಾಳ ಕಡೆ ತಿರುಗಿ ಸಿಟ್ಟಿನಿಂದಲೇ ಕೇಳಿದಳು, "ಗುಂಪಲ್ಲಿ ಈಜೋದು ನಂಗೆ ಎಂತಕೆ ಹೇಳಿಕೊಟ್ಟಿಲ್ಲ ಅಕ್ಕ? ಒಬ್ಬಳೇ ಈಜಿದ್ರೆ ಗೆಲ್ತಿದ್ದೆ."

ಸುಚಿತ್ರಾಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಬುಧವಾರದಿಂದ ಗುಂಪಲ್ಲೇ," ಎಂದಳು.

ಸೈಕಲ್‌ಗಳನ್ನು ಪಿಕಪ್‌ಗೆ ಏರಿಸಿ ಹೊರಟರು. ಹೊಸನಗರದ ಮಕ್ಕಳು ಆಟ ನೋಡಲೆಂದೇ ಜೊತೆಗೆ ಬಂದಿದ್ದರು. ಅವರನ್ನು ಅಲ್ಲಿ ಇಳಿಸುವಾಗ, ಜಲ್ಲಿ ಕ್ರಷರಿನಲ್ಲಿ ಕೆಲಸ ಮಾಡುವ ಮಂಜುನಾಥಪ್ಪ ಮಗಳನ್ನು ಕರೆದೊಯ್ಯಲು ನಿಂತಿದ್ದ. ಮಗಳು ದಾರಿಯಲ್ಲೇ ಫೋನು ಮಾಡಿ ಎಲ್ಲ ಹೇಳಿಬಿಟ್ಟಿದ್ದಳೇನೋ. ಅವನು ಪಿಕಪ್ಪಿನ ಹತ್ತಿರ ಬಂದು, "ನಮ್ಮ ಕಡೆ ಈಜು ಮತ್ತೆ ಯಾವಾಗ ಶುರು ಮಾಡ್ತೀರಿ ಮೇಡಂ?" ಎಂದ. "ಊರ ಹೊರಗೆ ಒಂದು ಕೆರೆ ಅದೆ. ಹೂಳು ತುಂಬಿದೆ. ಆದ್ರೂ ಒಂದ್ಸಲ ನೋಡಿದ್ರೆ…"

"ಎಷ್ಟು ದೂರ?"

"ಇಲ್ಲೇ. ಆದ್ರೆ ಈಗ ಹೊತ್ತಾಯ್ತಲ್ಲ, ನಾಳೆ…"

"ಇನ್ನೂ ಬೆಳಕಿದೆಯಲ್ಲ," ಎಂದವಳೇ ಸುಚಿತ್ರಾ ಪಿಕಪ್ಪಿನಿಂದ ಹಾರಿ ಇಳಿದಳು. ದೀಪಕ್ ಹಿಂದಿನಿಂದ ಅವಳ ಹೆಸರು ಕರೆಯುತ್ತಿದ್ದ. ಅವಳು ಆಗಲೇ ಕೆರೆಯ ದಾರಿ ಯಾವುದೆಂದು ಮಂಜುನಾಥಪ್ಪನ ಮಗಳನ್ನು ಕೇಳುತ್ತಾ ಮುಂದೆ ಮುಂದೆ ನಡೆಯುತ್ತಿದ್ದಳು.